ಮನಿ ಹಿಂದಿನ ನವಿಲು ಹೆಣ್ಣಿಗೆ ಬೆನ್ನು ತೋರಿಸಿ ಯಾಕ ಕುಣೀತದ?

ಬಾವಧನ್_ಬಾಲ್ಕನಿ · ಪುಣೆ

ನಮಸ್ಕಾರ್ರೀ ಎಲ್ಲಾರಿಗೂ. ನಮ್ಮ ಸೊಸೈಟಿ ಬಾವಧನ್ ಗುಡ್ಡಕ್ಕ ಹತ್ತಿಕೊಂಡೇ ಅದ, ಹಿಂದಿನ ಕಂಪೌಂಡ್ ದಾಟಿದ್ರ ಗ್ಲಿರಿಸಿಡಿಯಾ ಗಿಡ, ಅದರಾಚೆ ಬರೇ ಕಲ್ಲು, ಹುಲ್ಲು. ಅಲ್ಲೊಂದು ಗಂಡು ನವಿಲು ಠಿಕಾಣಿ ಹೂಡೇದ. ಹಳೇ ನೀರಿನ ಟಾಕಿ ಬಾಜೂಕ ಸಪಾಟ ಜಾಗಾ ಐತಿ, ದಿನಾ ಮುಂಜಾನೆ ಅಲ್ಲೇ ಬರೋದು, ಅಲ್ಲೇ ಗರಿ ಬಿಚ್ಚೋದು, ನಾಲ್ಕು ಮಾರು ಆಚೆ ಇದಕ್ಕಿಂತ ಚೊಲೋ ಜಾಗಾ ಇದ್ರೂ ಅತ್ಲಾಗ ಹಾಯಂಗಿಲ್ಲ.

ನನ್ನ ಪ್ರಶ್ನೆ ಏನಂದ್ರ, ಹೆಣ್ಣು ಬಂದ ಕೂಡ್ಲೇ ಇವ ಮುಖಾ ತಿರುವಿ ಬೆನ್ನು ತೋರಿಸ್ತಾನ್ರೀ. ಗರಿ ಏನೋ ಪೂರ್ತಿ ಎತ್ತಿರ್ತಾನ, ಆದ್ರ ಹೆಣ್ಣಿಗೆ ಕಾಣೋದು ಹಿಂದಿನ ಕಂದು ಪುಕ್ಕ, ಬೆಳ್ಳನ ದೇಟು, ಕೆಳಗ ಇಟ್ಟಂಗಿ ಬಣ್ಣದ ರೆಕ್ಕಿ ಪಟಪಟ ಬಡಿಯೋದು ಇಷ್ಟ. ಹಂಗ ಹಿಂದಕ್ಕ ಹಿಂದಕ್ಕ ಸರಕೋತ ಹೆಣ್ಣಿನ ಹತ್ರ ಹೋಗ್ತಾನ, ಆಮ್ಯಾಲೆ ಒಮ್ಮೆಲೇ ಗರ್ರನ ತಿರುಗಿ ಇಡೀ ಗರಿ ನಡುಗಿಸ್ತಾನ, ಒಣಾ ಜ್ವಾಳದ ಕಣಕಿ ತಿಕ್ಕಿದಂಗ ಸಪ್ಪಳ ನಮ್ಮ ಬಾಲ್ಕನಿ ತನಕಾ ಕೇಳಿಸ್ತದ. ಹೆಣ್ಣು ಮಾತ್ರ ನೆಲಾ ಕುಕ್ಕೋದು ಬಿಡಂಗಿಲ್ಲ, ಇವನ್ನ ನೋಡೇ ಇಲ್ಲ ಅನ್ನೋವರ ಗತೆ. ನಮ್ಮ ಅತ್ತಿಯವರು ಮಳಿ ಬರೂದದ ಅದಕ್ಕ ಕುಣೀತದ ಅಂತಾರ, ಆದ್ರ ಏಪ್ರಿಲ್ ಸುಡು ಬಿಸಲಾಗೂ ಕುಣದದ, ಆಗ ಮೋಡ ಹೋಗ್ಲಿ ಗಾಳಿನೂ ಇರ್ಲಿಲ್ಲ. ತಿಳದವರು ಸ್ವಲ್ಪ ಹೇಳ್ರಿ.

ಮುಲುಂಡ್_ಮಾಣಿ · ಮುಂಬೈ

ಎಂತ ಇಲ್ಲ ಅಕ್ಕ, ಪಾಪ ಅವನಿಗೆ ನಾಚಿಕೆ ಮಾರಾಯ್ರೆ 😄 ಹೆಣ್ಣು ನೋಡ್ಲಿಕ್ಕೆ ಹೋದಾಗ ನಮ್ಮ ಕಥೆಯೂ ಹೀಗೇ ಇತ್ತು.

ಸೀರಿಯಸ್ಸಾಗಿ ಹೇಳುವುದಾದ್ರೆ ನನಗೂ ಇದರ ಉತ್ತರ ಬೇಕು. ಇಲ್ಲಿ ನಮಗೆ ಬಾಲ್ಕನಿಯಲ್ಲಿ ಪಾರಿವಾಳ ಬಿಟ್ರೆ ಬೇರೆ ಗತಿ ಇಲ್ಲ. ಮಲಬಾರ್ ಹಿಲ್ ರಾಜಭವನದಲ್ಲಿ ನವಿಲುಂಟು, ನಮ್ಮನ್ನು ಒಳಗೆ ಬಿಡುವವರು ಯಾರು?

ಪಾಷಾಣ_ಪಕ್ಷಿ · ಪುಣೆ

ಒಳ್ಳೇ ಪ್ರಶ್ನೆ ಕಣ್ರೀ, ಮತ್ತೆ ನೀವು ನೋಡಿರೋದು ಸರಿಯಾಗೇ ನೋಡಿದೀರ. ಬೆನ್ನು ತೋರಿಸೋದು ಆಟದ ಮೊದಲನೇ ಭಾಗ. ಗಂಡು ಗರಿ ಎತ್ತಿ, ರೆಕ್ಕೆ ಇಳಿಬಿಟ್ಟು, ಆ ಇಟ್ಟಿಗೆ ಬಣ್ಣದ ರೆಕ್ಕೆಗರಿಗಳನ್ನ ಅಲ್ಲಾಡಿಸ್ತಾ ಹಿಂದಕ್ಕೆ ಬರ್ತಾನೆ. ಹೆಣ್ಣು ಎದುರುಗಡೆಗೆ ಬಂದ್ರೆ ಅಥವಾ ಹತ್ರ ನಿಂತ್ರೆ ಆಗ ತಿರುಗಿ ಗರಿ ನಡುಗಿಸೋ ಎರಡನೇ ಭಾಗ. ಪಕ್ಷಿ ಸ್ಟಡಿ ಮಾಡೋರು ಇವೆರಡನ್ನೂ ಬೇರೆ ಬೇರೆಯಾಗೇ ಬರ್ಕೋತಾರೆ, ಯಾಕಂದ್ರೆ ಎರಡರಲ್ಲೂ ಗಂಡು ನಿಲ್ಲೋ ದಿಕ್ಕು ಬೇರೆ.

ಆ ಬೆನ್ನ ಕಡೆಯಿಂದ ಇನ್ನೊಂದು ವಿಷ್ಯ ಚೆನ್ನಾಗಿ ಕಾಣತ್ತೆ, ಮುಂದಿನ ಸಲ ಗಮನಿಸಿ. ನಾವು ಬಾಲ ಅನ್ಕೊಳ್ಳೋ ಉದ್ದ ಗರಿಗಳು ಹುಟ್ಟೋದು ಬೆನ್ನಿನ ಕೆಳಭಾಗದಲ್ಲಿ, ನಿಜವಾದ ಬಾಲದ ಮೇಲೆ ಹೊದ್ದಿಕೊಂಡಂಗೆ. ಅದರ ಹಿಂದೆ ಗಿಡ್ಡಕ್ಕೆ, ಮಾಸಲು ಕಂದು ಬಣ್ಣದ 20 ಪುಕ್ಕ ಇರುತ್ತಲ್ಲ ಅದು ಬಾಲ, ಬೀಸಣಿಗೆಯನ್ನ ನೆಟ್ಟಗೆ ಎತ್ತಿ ಹಿಡಿಯೋ ಕೆಲಸ ಅದರದ್ದು. ಫೋಟೋ ತೆಗಿಯೋರೆಲ್ಲ ಮುಂದೆ ಹೋಗಿ ನಿಲ್ತಾರೆ, ಹಾಗಾಗಿ ಈ ಭಾಗ ಯಾರೂ ನೋಡೇ ಇರಲ್ಲ.

ಒಂದೇ ಜಾಗಕ್ಕೆ ಬರೋದಕ್ಕೂ ಕಾರಣ ಇದೆ. ಬೆದೆ ಕಾಲದಲ್ಲಿ ಪ್ರತಿ ಗಂಡೂ ಒಂದು ಚಿಕ್ಕ ಜಾಗ ಹಿಡಿದು ಅದನ್ನ ಕಾಯ್ಕೊಂಡಿರತ್ತೆ, ಅಂಥ ನಾಲ್ಕೈದು ಜಾಗ ಅಕ್ಕಪಕ್ಕದಲ್ಲೇ ಇರ್ತವೆ. ಹೆಣ್ಣುಗಳು ಒಂದೊಂದಕ್ಕೂ ಹೋಗಿ ನೋಡ್ಕೊಂಡು ಬರ್ತವೆ. ಆ ಜಾಗದಲ್ಲಿ ಊಟ ನೀರು ಏನೂ ಇರಬೇಕಿಲ್ಲ, ಗೂಡೂ ಅಲ್ಲಿ ಕಟ್ಟಲ್ಲ, ಅದು ಬರೀ ಕುಣಿಯೋ ಕಟ್ಟೆ. ನಿಮ್ಮ ಟ್ಯಾಂಕ್ ಪಕ್ಕದವನು ಕೂಗಿದಾಗ ಗುಡ್ಡದ ಬೇರೆ ಕಡೆಯಿಂದ ಎಷ್ಟು ಮಂದಿ ಉತ್ತರ ಕೊಡ್ತಾರೆ ಕೇಳಿಸ್ಕೊಳ್ಳಿ, ಉಳಿದ ಕಟ್ಟೆಗಳು ಎಲ್ಲಿವೆ ಅಂತ ಗೊತ್ತಾಗ್ಬಿಡತ್ತೆ.

ಮಳೆ ವಿಚಾರ: ನಿಮ್ಮ ಅತ್ತೆಯವರು ಪೂರ್ತಿ ತಪ್ಪಿಲ್ಲ. ಬೆದೆ ಕಾಲ ಜೋರಾಗೋದು ಮುಂಗಾರು ಹೊತ್ತಿಗೇ, ಮರಿ ಹೊರಗೆ ಬಂದಾಗ ಹುಳ ಹುಪ್ಪಟೆ ಬೇಕಾದಷ್ಟು ಸಿಗಬೇಕಲ್ಲ. ಗುಡುಗಿಗೂ ಕೂಗ್ತವೆ ನಿಜ, ಆದ್ರೆ ಪಟಾಕಿಗೂ ಕೂಗ್ತವೆ. ಕುಣಿಯೋಕೆ ಮೋಡ ಬೇಕಿಲ್ಲ, ಬಲಿತ ಗರಿ ಬೇಕು, ಹೆಣ್ಣು ಬೇಕು.

ಕೊಥರೂಡ್_ಕಾಕಾ · ಪುಣೆ

ನಾ ವಿಜಾಪುರದಾಂವ, ಸಣ್ಣಾಂವ ಇದ್ದಾಗಿಂದ ನವಿಲು ನೋಡೇನಿ. ಯಾವ ಗಂಡಿನ ಗರಿಯೊಳಗ ಕಣ್ಣು ಜಾಸ್ತಿ ಅದಾವ ಅದನ್ನ ಹೆಣ್ಣು ಆರಿಸ್ತದ ಅಂತ ಟೀವಿಯೊಳಗ ತೋರಿಸ್ತಾರ. ಹೆಣ್ಣು ನವಿಲಿಗೆ ಎಣಿಕಿ ಬರ್ತದೇನು? ನನಗ ಇದು ಮೊದಲಿಂದನೂ ಪಟಾಸಿಲ್ಲ.

ಪಾಷಾಣ_ಪಕ್ಷಿ · ಪುಣೆ

ಕಾಕಾ, ನೀವು ಕೇಳಿದ್ದೇ ಪ್ರಶ್ನೆನ ವಿಜ್ಞಾನಿಗಳೂ ಕೇಳ್ಕೊಂಡು ಮೂವತ್ತು ವರ್ಷದಿಂದ ಜಗಳ ಆಡ್ತಿದಾರೆ. 1991ರಲ್ಲಿ ಮೇರಿಯನ್ ಪೆಟ್ರಿ ಮತ್ತೆ ಅವರ ಜೊತೆಯವರು ಇಂಗ್ಲೆಂಡಿನ ವಿಪ್ಸ್‌ನೇಡ್ ಪಾರ್ಕಲ್ಲಿ ಬಿಟ್ಟಿದ್ದ ನವಿಲುಗಳನ್ನ ನೋಡಿ, ಕಣ್ಣು ಜಾಸ್ತಿ ಇರೋ ಗಂಡಿಗೆ ಹೆಣ್ಣು ಜಾಸ್ತಿ ಅಂತ ಬರೆದ್ರು. 1994ರಲ್ಲಿ ಅಂಥ ಗಂಡಿನ ಮರಿಗಳು ಚೆನ್ನಾಗಿ ಬೆಳೀತವೆ ಅಂತಾನೂ ಬಂತು. ಟೀವಿಯವರು ಅಲ್ಲಿಗೇ ನಿಂತ್‌ಬಿಟ್ರು. 2008ರಲ್ಲಿ ಜಪಾನಿನಲ್ಲಿ ಮಾರಿಕೊ ತಕಹಾಶಿ ತಂಡ ಏಳು ವರ್ಷ ನೋಡಿ, ಇಲ್ಲ, ಕಣ್ಣಿನ ಲೆಕ್ಕಕ್ಕೂ ಹೆಣ್ಣಿನ ಆಯ್ಕೆಗೂ ನಂಟೇ ಕಾಣ್ಲಿಲ್ಲ ಅಂದ್ರು. ಆಮೇಲೆ 2011ರಲ್ಲಿ ರೋಸ್ಲಿನ್ ಡೇಕಿನ್ ಮತ್ತೆ ಬಾಬ್ ಮಾಂಟ್‌ಗಮರಿ ನಡುವಿನ ಮಾತು ಹೇಳಿದ್ರು, ಮಾಮೂಲಿ ಗಂಡುಗಳಲ್ಲಿ ಕಣ್ಣಿನ ಸಂಖ್ಯೆ ಹೆಚ್ಚುಕಮ್ಮಿ ಒಂದೇ ಥರ ಇರೋದ್ರಿಂದ ಅದರಿಂದ ಏನೂ ವ್ಯತ್ಯಾಸ ಆಗಲ್ಲ, ಆದ್ರೆ ಗರಿ ಕಿತ್ತುಹೋಗಿ ತೀರಾ ಕಮ್ಮಿಯಾದ್ರೆ ಆ ಗಂಡಿನ ಕಥೆ ಮುಗೀತು.

ಅವರದ್ದೇ 2013ರ ಕೆಲಸದಲ್ಲಿ, ಕಣ್ಣಿನ ನಡುವೆ ಇರೋ ನೀಲಿ-ಹಸಿರು ಭಾಗ ಬೆಳಕಿಗೆ ಹೇಗೆ ಮಿಂಚತ್ತೆ ಅನ್ನೋದೇ ಗಂಡಿನ ಯಶಸ್ಸಿನ ದೊಡ್ಡ ಪಾಲು ಅಂತ ಬಂತು. ನನಗೆ ಒಪ್ಪಿಗೆ ಆಗೋದು ಇದೇ. ಎಣಿಕೆಗಿಂತ ಹೊಳಪು.

ಹೊಳಪು ಅಂದಾಗ ಒಂದು ವಿಷ್ಯ ಹೇಳ್ಬೇಕು, ಆ ನೀಲಿ ಹಸಿರು ಬಣ್ಣ ಅಲ್ಲವೇ ಅಲ್ಲ. ಗರಿಯೊಳಗಿರೋ ಬಣ್ಣ ಬರೀ ಮೆಲನಿನ್, ನಮ್ಮ ಕೂದಲಲ್ಲಿರೋ ಕಂದು-ಕಪ್ಪು. ಆ ಮೆಲನಿನ್ನಿನ ಸಣ್ಣ ಸಣ್ಣ ಕಡ್ಡಿಗಳು, ನಮ್ಮ ಕಣ್ಣಿಗೆ ಕಾಣದಷ್ಟು ಸಣ್ಣವು, ಸಾಲಾಗಿ ಜೋಡಿಸಿಕೊಂಡು ಬೆಳಕನ್ನ ಒಡೆದು ವಾಪಸ್ ಕಳಿಸ್ತವೆ, ಕಡ್ಡಿಗಳ ನಡುವಿನ ಅಂತರ ಬದಲಾದಂಗೆ ಬಣ್ಣ ಬದಲಾಗತ್ತೆ. ಉದುರಿದ ಗರಿ ಸಿಕ್ರೆ ಕಿಟಕಿ ಹತ್ರ ಹಿಡಿದು ನಿಧಾನಕ್ಕೆ ಓರೆ ಮಾಡಿ, ನಡುವಿನ ಕಡುನೀಲಿ ಒಂದು ಕೋನದಲ್ಲಿ ನೇರಳೆಗೆ ತಿರುಗತ್ತೆ, ಸುತ್ತಲಿನ ತಾಮ್ರದ ಬಳೆ ಹಸಿರಾಗತ್ತೆ. ಬೆಳಕಿಗೆ ಬೆನ್ನು ಹಾಕಿಸಿ ಹಿಂದಿನಿಂದ ನೋಡಿದ್ರೆ ಬರೀ ಕಂದು.

ಅದಕ್ಕೇ ಗಂಡು ಸೂರ್ಯನ್ನ ನೋಡ್ಕೊಂಡು ನಿಲ್ಲೋದು. ಗರಿ ನಡುಗಿಸೋವಾಗ ಹೆಣ್ಣು ನೇರ ಎದುರಿಗೆ, ಸೂರ್ಯ ಸುಮಾರು 45 ಡಿಗ್ರಿ ಎಡಕ್ಕೆ, ಹೀಗೆ ನಿಲ್ತಾನೆ ಅಂತ 2009ರಲ್ಲಿ ಇದೇ ಇಬ್ಬರು ಅಳೆದು ಹೇಳಿದಾರೆ. ಬಾವಧನ್ ಅವರೇ, ನಿಮ್ಮ ಟ್ಯಾಂಕಿನ ಜಾಗ ಬೆಳಿಗ್ಗೆ ಬಿಸಿಲು ಬೀಳೋ ಕಡೆ ಇದೆಯಾ?

ಬಾವಧನ್_ಬಾಲ್ಕನಿ · ಪುಣೆ

ಹೌದ್ರೀ! ಮುಂಜಾನೆ ಬಿಸಲು ಮೊದಲ ಬೀಳೋದ ಅಲ್ಲಿ. ಆಚೆ ಚೊಲೋ ಜಾಗಾ ಅಂದ್ನೆಲ್ಲಾ ಅಲ್ಲಿ ಬಿಲ್ಡಿಂಗ್ ನೆರಳು ಹತ್ತು ಗಂಟೆ ತನಕಾ ಇರ್ತದ. ನಾ ಹುಲ್ಲು ನೋಡಿ ಚೊಲೋ ಅಂದೆ, ಅವ ಬಿಸಲು ನೋಡ್ಯಾನ.

ಇನ್ನೊಂದು ಕೇಳಬೇಕಿತ್ತು. ಒಮ್ಮೊಮ್ಮೆ ಒಬ್ಬನ ಇದ್ದಾಗೂ ಕುತಗಿ ಚಾಚಿ ಮುಂದಕ್ಕ ದಬಾಯಿಸಿ ಓಡಿ ಒಂಥರಾ "ಹೂಂಕ್" ಅಂತ ಕೂಗ್ತಾನ. ಯಾರೂ ಇರಂಗಿಲ್ಲ ಅಲ್ಲಿ.

ಪಾಷಾಣ_ಪಕ್ಷಿ · ಪುಣೆ

ಹಹ್ಹ, ಅವನು ಬುರುಡೆ ಬಿಡ್ತಿದಾನೆ! ಆ ಕೂಗು ಬರೋದು ಗಂಡು ಹೆಣ್ಣಿನ ಮೇಲೆ ಏರೋಕೆ ನುಗ್ಗೋವಾಗ. ದೂರದ ಹೆಣ್ಣುಗಳಿಗೆ ಅದು ಕೇಳಿಸಿದ್ರೆ, ಓ ಇವನಿಗೆ ಗಿರಾಕಿ ಇದಾರೆ ಅಂತ ನೋಡೋಕೆ ಬರ್ತವೆ. 2014ರಲ್ಲಿ ಡೇಕಿನ್, ಮಾಂಟ್‌ಗಮರಿ ಲೆಕ್ಕ ಹಾಕಿದಾಗ ಸುಮಾರು ಮೂರರಲ್ಲಿ ಒಂದು ಕೂಗು ಹೆಣ್ಣೇ ಇಲ್ಲದಾಗ ಹಾಕಿದ್ದು, ಮತ್ತೆ ಹಂಗೆ ಸುಳ್ಳು ಕೂಗು ಹಾಕೋರ ಹತ್ರ ಹೆಣ್ಣುಗಳು ಜಾಸ್ತಿ ಬಂದಿದ್ವು.

ಮುಲುಂಡ್_ಮಾಣಿ · ಮುಂಬೈ

ಖಾಲಿ ಹೋಟ್ಲಿನ ಓನರ್ "ಎರಡು ಮಸಾಲೆ ಪಾರ್ಸೆಲ್" ಅಂತ ಕೂಗಿದ ಹಾಗೆ 😂 ನಮ್ಮ ಮಾಟುಂಗಾದ ಹೋಟ್ಲಿನವರು ಕೇಳಿದ್ರೆ ಬೈದಾರು.

ಅದಿರ್ಲಿ, ಊರಿನಲ್ಲಿ ನಮ್ಮ ದೊಡ್ಡಮ್ಮ ಒಬ್ಬರು ಈಗಲೂ ಹೇಳ್ತಾರೆ, ನವಿಲು ಕೂಡುವುದೇ ಇಲ್ಲ, ಗಂಡಿನ ಕಣ್ಣೀರು ಕುಡಿದು ಹೆಣ್ಣು ಬಸುರಿ ಆಗ್ತದೆ ಅಂತ. 2017ರಲ್ಲಿ ರಾಜಸ್ಥಾನ ಹೈಕೋರ್ಟಿನ ಜಡ್ಜ್ ಒಬ್ಬರು ಕೂಡಾ ಅದನ್ನೇ ಟೀವಿ ಮುಂದೆ ಹೇಳಿದ್ರಲ್ಲ, ಅದಾದ ಮೇಲೆ ದೊಡ್ಡಮ್ಮನಿಗೆ ಉತ್ತರ ಕೊಡುವ ಧೈರ್ಯ ನನಗಿಲ್ಲ.

ಬಾವಧನ್_ಬಾಲ್ಕನಿ · ಪುಣೆ

ನಿಮ್ಮ ದೊಡ್ಡಮ್ಮನ್ನ ಜೂನ್ ತಿಂಗಳಾಗ ನಮ್ಮ ಬಾಲ್ಕನಿಗೆ ಕರಕೊಂಡ ಬರ್ರಿ, ಚಹಾ ಕೊಟ್ಟು ತೋರಸ್ತೀನಿ. ಹೆಣ್ಣು ಕುಕ್ಕರಿಸಿ ಕೂತಿತು, ಗಂಡು ಮ್ಯಾಲ ಏರಿತು, ಗರಿ ಇಬ್ಬರ ಮ್ಯಾಲೂ ಮುಂದಕ್ಕ ಬಾಗಿತು, ಕೆಲವೇ ಸೆಕೆಂಡು. ಹೆಣ್ಣು ಎದ್ದು ಮೈ ಝಾಡಿಸಿ ಮತ್ತ ಹುಲ್ಲು ಕುಕ್ಕಾಕ ಹತ್ತಿತು. ಕಣ್ಣೀರಿಂದು ಏನೂ ಸಂಬಂಧ ಕಾಣಲಿಲ್ಲ.

ಟೇಕಡಿ_ವಾಕರ್ · ಪುಣೆ

ನಾನು ಪುಣೆಯ ವೇತಾಳ ಟೇಕಡಿಗೆ (ಗುಡ್ಡಕ್ಕೆ) ದಿನಾ ವಾಕಿಂಗ್ ಹೋಗೋನು. ಅಲ್ಲಿ ನವಿಲು ಬೆಳಿಗ್ಗೆ ಬೆಳಿಗ್ಗೆ ಸಿಗತ್ತೆ ಆದ್ರೆ ಜನ ಜಾಸ್ತಿ ಆದಂಗೆ ಪೊದೆ ಒಳಗೆ ಸೇರ್ಕೊಳ್ಳತ್ತೆ, ಕುಣಿಯೋದು ನೋಡಿದ್ದು ಕಮ್ಮಿ. ಈಗ ನಮ್ಮ ಸೊಸೈಟಿ ಹಿಂದೆ ನಾವು ಮೂರ್ನಾಲ್ಕು ಮನೆಯವರು ಸೇರಿ ಗೋಧಿ, ಜೋಳ ಹಾಕೋಕೆ ಶುರು ಮಾಡಿದೀವಿ. ಗೇಟ್ ಹತ್ರಾನೇ ಬರ್ತವೆ, ಮಕ್ಕಳಿಗೆ ಖುಷಿಯೋ ಖುಷಿ. ಬಾವಧನ್ ಅವರೂ ಟ್ರೈ ಮಾಡಿ, ಕುಣಿಯೋದು ಹತ್ತಿರದಿಂದ ನೋಡಬಹುದು.

ಫೋಂಡಾ_ತೋಟ · ಗೋವಾ

ದಯವಿಟ್ಟು ಮಾಡಬೇಡಿ. ನಾನು ಖಾನಾಪುರದವ, ಫೋಂಡಾ ಹತ್ರ ತೋಟ ನೋಡಿಕೊಂಡು ಇದ್ದೀನಿ, ಗೇರು, ಸ್ವಲ್ಪ ತರಕಾರಿ, ಕೆಳಗೆ ಗದ್ದೆ. ನಿಮಗೆ ನವಿಲು ಅಂದ್ರೆ ಫೋಟೋ, ನಮಗೆ ನವಿಲು ಅಂದ್ರೆ ಮೆಣಸಿನ ಸಸಿ ನೆಟ್ಟ ಮರುದಿನ ಬರೀ ಗುಳಿ ಉಳಿಯೋದು. ಮೊಳಕೆ ತಿಂತಾವೆ, ಶೇಂಗಾ ಕೆದರ್ತಾವೆ, ಭತ್ತದ ತೆನೆ ಜಗ್ತಾವೆ. ಇಲ್ಲಿ ಎಷ್ಟು ತಲೆಬಿಸಿ ಅಂದ್ರೆ 2016ರಲ್ಲಿ ಗೋವಾ ಸರ್ಕಾರದವರೇ ನವಿಲನ್ನ ಉಪದ್ರವ ಕೊಡೋ ಪ್ರಾಣಿಗಳ ಪಟ್ಟಿಗೆ ಸೇರಿಸೋ ವಿಚಾರ ಎತ್ತಿದ್ರು, ದೇಶ ತುಂಬ ಗದ್ದಲ ಆಯ್ತು. ರಾಷ್ಟ್ರಪಕ್ಷಿ ಅಲ್ಲವಾ, 1963ರಿಂದ.

ನಾನು ಅದನ್ನ ಕೊಲ್ಲಿ ಅಂತ ಹೇಳೋನಲ್ಲ. ಆದರೆ ಪೇಟೆಯವರು ಕಾಳು ಹಾಕಿ ಮನುಷ್ಯನ ಭಯ ಬಿಡಿಸ್ತೀರಿ, ಅದೇ ನವಿಲು ಪಕ್ಕದ ಹೊಲಕ್ಕೆ ಹೋಗಿ ಔಷಧಿ ಹಚ್ಚಿದ ಬಿತ್ತನೆ ಬೀಜ ತಿಂದು ಸಾಯ್ತದೆ. ಬೈಗುಳ ರೈತನಿಗೆ.

ಟೇಕಡಿ_ವಾಕರ್ · ಪುಣೆ

ನಮ್ಮ ಕಡೆ ಹೊಲಾನೇ ಇಲ್ಲ ಸರ್, ಸುತ್ತ ಬರೀ ಟವರ್. ಎರಡು ಮುಷ್ಟಿ ಗೋಧಿ ಹಾಕಿದ್ರೆ ಏನಾಗತ್ತೆ? ಬೇಸಿಗೆಲಿ ಅವಕ್ಕೂ ಹೊಟ್ಟೆ ಇದೆ ಅಲ್ವಾ.

ಪಾಷಾಣ_ಪಕ್ಷಿ · ಪುಣೆ

ಟೇಕಡಿ ಅವರೇ, ನಾನು ಫೋಂಡಾದವರ ಕಡೆ. ನಿಮ್ಮ ಕಾಳಿಗೆ ನವಿಲಿಗಿಂತ ಮೊದಲು ಬರೋದು ಇಲಿ, ಪಾರಿವಾಳ, ಬೀದಿನಾಯಿ. ನಾಯಿ ಬಂದ ಕಡೆ ನವಿಲಿನ ಮೊಟ್ಟೆ ಮರಿ ಉಳಿಯಲ್ಲ, ಯಾಕಂದ್ರೆ ಗೂಡು ಅಂತ ಮಾಡೋದು ನೆಲದ ಮೇಲೆ, ಪೊದೆ ಬುಡದಲ್ಲಿ ಸ್ವಲ್ಪ ಕೆದರಿ ಅಷ್ಟೇ. ಸಾಮಾನ್ಯವಾಗಿ ನಾಲ್ಕರಿಂದ ಆರು ಮೊಟ್ಟೆ, ಹೆಚ್ಚುಕಮ್ಮಿ 28 ದಿನ ಕಾವು, ಅಷ್ಟೂ ದಿನ ಹೆಣ್ಣು ಒಂದೇ. ಗಂಡಿನದ್ದು ಕುಣಿತ ಮುಗಿದ ಮೇಲೆ ಯಾವ ಜವಾಬ್ದಾರಿನೂ ಇಲ್ಲ.

ಇನ್ನೊಂದು, ಕುಣಿತ ನೋಡಬೇಕು ಅನ್ನೋರಿಗೇ ಕಾಳು ಹಾಕೋದ್ರಿಂದ ನಷ್ಟ. ಕಾಳು ಚೆಲ್ಲಿದ ಕಡೆ ಹೆಣ್ಣು ಬಂದಿದ್ದು ಗಂಡಿಗಾಗಿಯೋ ಗೋಧಿಗಾಗಿಯೋ ನಿಮಗೆ ಹೇಗೆ ಗೊತ್ತಾಗತ್ತೆ? ನೋಡೋ ಆಟವೇ ಕೆಟ್ಟೋಯ್ತು. ಬೇಸಿಗೆಗೆ ನೀರು ಇಡಿ ಬೇಕಾದ್ರೆ, ಅಗಲವಾದ ಬೋಗುಣಿಲಿ, ದಿನಾ ತೊಳೆದು.

ಕೊಥರೂಡ್_ಕಾಕಾ · ಪುಣೆ

ಕಾಳು ಹಾಕೂದಕ್ಕೂ ಒಂದು ರೀತಿ ಇರ್ತದ. ಶಿರೂರು ತಾಲೂಕಿನ ಮೋರಾಚಿ ಚಿಂಚೋಲಿ ನೋಡಿರೇನು? ಊರ ಹೆಸರೊಳಗ ಮೋರ್ ಅದ, ಮರಾಠಿಯೊಳಗ ನವಿಲಂತ, ಹುಣಸಿ ಗಿಡ ದಂಡಿಯಾಗಿ ಅದಾವ, ಪೇಶ್ವೆ ಕಾಲದ್ದು ಅಂತಾರ. ಊರ ಮಂದಿ ಹೊಲದಾಗ ನವಿಲು ತಿರುಗಾಡತಾವ, ಯಾರೂ ಓಡಸಂಗಿಲ್ಲ. ನಮ್ಮ ಕಡೆ ಬಂಕಾಪುರ ಕ್ವಾಟಿಯೊಳಗೂ ಹಂಗ. ಮಂದಿ ಜೊತೆ ಹೊಂದಿಕೊಂಡ ಬದುಕತಾವ.

ಫೋಂಡಾ_ತೋಟ · ಗೋವಾ

ಕಾಕಾ, ಚಿಂಚೋಲಿ ಊರಿಗೆ ನವಿಲಿನಿಂದ ಟೂರಿಸ್ಟ್ ಬರ್ತಾರೆ, ಹುರಡಾ (ಸುಟ್ಟ ಎಳೇ ಜೋಳದ ತೆನೆ) ಪಾರ್ಟಿ, ಪಿಠಲ-ಭಾಕರಿ ಊಟ, ನಾಲ್ಕು ಕಾಸು ಸಿಗ್ತದೆ. ನನ್ನ ತೋಟಕ್ಕೆ ಯಾರು ಬರ್ತಾರೆ? ಹೊಂದಿಕೊಳ್ಳೋದಕ್ಕೂ ಖರ್ಚಿದೆ, ಅದನ್ನ ಯಾರು ಕೊಡಬೇಕು ಅನ್ನೋದೇ ಪ್ರಶ್ನೆ.

ಅದಿರಲಿ, ಕುಣಿತದ ವಿಷಯಕ್ಕೆ ನಾನೂ ಒಂದು ಸೇರಿಸ್ತೀನಿ. ಬೈದರೂ ದಿನಾ ನೋಡೋನು ನಾನೇ ಅಲ್ಲವಾ. ನಮ್ಮ ಗದ್ದೆ ಬದುವಿನ ಮೇಲೆ ಹೆಣ್ಣು ನವಿಲೂ ಗರಿ ಎತ್ತತದೆ. ಮರಿ ಜೊತೆ ಇದ್ದಾಗ ಮುಂಗುಸಿ ಬಂತು, ಹೆಣ್ಣು ಆ ಗಿಡ್ಡ ಬಾಲ ಪೂರ್ತಿ ಬಿಚ್ಚಿ, ರೆಕ್ಕೆ ಎರಡೂ ನೆಲಕ್ಕೆ ತಾಗಿಸಿ, ಕುತ್ತಿಗೆ ಪುಕ್ಕ ಕೆದರಿ ಅಡ್ಡ ನಿಂತಿತು. ಮರಿಗಳು ಹಿಂದೆ ಸಾಲಾಗಿ ಹುಲ್ಲೊಳಗೆ ಅಡಗಿದ್ವು. ಮುಂಗುಸಿ ಎರಡು ಸಲ ಆ ಕಡೆ ಈ ಕಡೆ ಹೋಗಿ ನೋಡಿತು, ಅದು ತಿರುಗಿದ ಕಡೆ ಇದೂ ತಿರುಗ್ತಾ ಇತ್ತು. ಕೊನೆಗೆ ಮುಂಗುಸಿ ಕಾಲುವೆ ಇಳಿದು ಹೋಯ್ತು. ಗಂಡು ಅಲ್ಲೇ ಗೇರುಮರದ ಮೇಲೆ ಕೂತು ಕೂಗ್ತಾ ಇದ್ದ, ಇಳಿದು ಬರಲಿಲ್ಲ.

ಬಾವಧನ್_ಬಾಲ್ಕನಿ · ಪುಣೆ

ಯಪ್ಪಾ, ಇದು ಗಂಡಿನ ಕುಣಿತಕ್ಕಿಂತ ಚಂದ ಅದ. ಮಂದಿ ಯಾಕ ಇದರ ವಿಡಿಯೋ ಮಾಡಂಗಿಲ್ಲೋ ಏನೋ.

ಪಾಷಾಣ_ಪಕ್ಷಿ · ಪುಣೆ

ಅದೇ ನಾನು ಬರೋರಿಗೆಲ್ಲ ಹೇಳೋದು. ಗಂಡನ್ನ ನೋಡೋದು ಬಿಟ್ಟು ಹೆಣ್ಣನ್ನ ನೋಡಿ. ಗಂಡು ಮಾಡೋದು ಅದದೇ ಆಟ, ಒಂದು ವಾರ ನೋಡಿದ್ರೆ ಬಾಯಿಪಾಠ ಆಗತ್ತೆ. ತೀರ್ಮಾನ ನಡೀತಿರೋದು ಹೆಣ್ಣಿನ ಕಡೆ, ಮತ್ತೆ ಅದು ತೋರಿಸಿಕೊಳ್ಳೋದೇ ಇಲ್ಲ. ಕುಕ್ತಾ ಇರತ್ತೆ ಆದ್ರೆ ತಲೆ ಎತ್ತಿದಾಗ ಎಷ್ಟು ಹೊತ್ತು ಎತ್ತಿತ್ತು, ಗಂಡು ತಿರುಗಿದ ಮೇಲೆ ಅಲ್ಲೇ ಉಳೀತಾ, ಗರಿಯ ಮುಂದೆ ಅಡ್ಡಡ್ಡ ಓಡಾಡಿತಾ, ವಾಪಸ್ ಬಂತಾ, ಯಾವ ಕಟ್ಟೆಗೆ ಹೋಯ್ತು, ಇದೇ ನಿಜವಾದ ನೋಟ್ಸು.

ಜೆಸ್ಸಿಕಾ ಯೋರ್ಜಿನ್‌ಸ್ಕಿ ಅಂತ, 2013ರಲ್ಲಿ ಅವರ ತಂಡ ಹೆಣ್ಣು ನವಿಲಿನ ತಲೆಗೆ ಪುಟ್ಟ ಕ್ಯಾಮೆರಾ ಕಟ್ಟಿ ಅದರ ಕಣ್ಣು ಎತ್ತ ಹೋಗತ್ತೆ ನೋಡಿದ್ರು. ಗಂಡು ಕುಣೀತಿದ್ರೂ ಹೆಣ್ಣು ಅದರ ಕಡೆ ನೋಡಿದ್ದು ಮೂರನೇ ಒಂದು ಪಾಲಿಗಿಂತ ಕಮ್ಮಿ ಹೊತ್ತು, ಉಳಿದದ್ದು ಸುತ್ತಮುತ್ತ. ನೋಡಿದಾಗಲೂ ತಲೆ ಕಿರೀಟ ಎಲ್ಲ ಅಲ್ಲ, ಗರಿಯ ಕೆಳಭಾಗ. ಮೇಲ್ಭಾಗದ ಕಣ್ಣುಗಳು ಎತ್ತರದ ಹುಲ್ಲು ಇರೋ ಕಡೆ ದೂರದಿಂದ ಹೆಣ್ಣಿಗೆ ಗುರುತು ಸಿಗೋಕೆ ಇರಬೇಕು ಅನ್ನೋದು ಅವರ ಊಹೆ. ಕಾಕಾ ಅವರ ಎಣಿಕೆ ಪ್ರಶ್ನೆಗೆ ಇದೂ ಒಂದು ಉತ್ತರ, ಪೂರ್ತಿ ನೋಡದೇ ಇರೋದನ್ನ ಎಣಿಸೋದು ಹೆಂಗೆ?

ಕೊಥರೂಡ್_ಕಾಕಾ · ಪುಣೆ

ಹಾಂ, ಇದು ಪಟಾಸ್ತು.

ಟೇಕಡಿ_ವಾಕರ್ · ಪುಣೆ

ಒಂದು ಡೌಟು. ಗರಿ ನಡುಗಿಸೋವಾಗ ವಿಡಿಯೋ ತೆಗೆದ್ರೆ ಗರಿಯೆಲ್ಲ ಬ್ಲರ್ ಬರತ್ತೆ ಆದ್ರೆ ಕಣ್ಣುಗಳು ಮಾತ್ರ ನಿಂತಂಗೆ ಕಾಣ್ತವೆ, ಫೋನ್ ಪ್ರಾಬ್ಲಮ್ಮಾ?

ಪಾಷಾಣ_ಪಕ್ಷಿ · ಪುಣೆ

ಫೋನ್ ಸರಿಯಾಗೇ ಇದೆ. ಸೆಕೆಂಡಿಗೆ ಸುಮಾರು 25 ಸಲ ನಡುಗತ್ತೆ ಗರಿ. ಕಣ್ಣಿನ ಭಾಗದ ಎಳೆಗಳು ಸಣ್ಣ ಕೊಕ್ಕೆಗಳಿಂದ ಒಂದಕ್ಕೊಂದು ಗಟ್ಟಿಯಾಗಿ ಹೆಣೆದುಕೊಂಡಿರ್ತವೆ, ಸುತ್ತಲಿನವು ಬಿಡಿಬಿಡಿ. ಹಾಗಾಗಿ ಸುತ್ತ ಎಲ್ಲ ಅಲೆಅಲೆಯಾಗಿ ಓಡ್ತಿರತ್ತೆ, ಕಣ್ಣು ಜಾಗದಲ್ಲೇ ನಿಂತಂಗಿರತ್ತೆ. ಡೇಕಿನ್ ತಂಡ 2016ರಲ್ಲಿ ಹೈ ಸ್ಪೀಡ್ ಕ್ಯಾಮೆರಾದಲ್ಲಿ ಹಿಡಿದಿದ್ದು ಇದನ್ನೇ. 2018ರಲ್ಲಿ ಇನ್ನೂ ಮಜಾ ವಿಷ್ಯ ಬಂತು, ನವಿಲಿನ ತಲೆ ಮೇಲಿನ ಕಿರೀಟದ ಪುಕ್ಕಗಳು ತಾವಾಗೇ ಅದುರೋ ವೇಗವೂ ಹೆಚ್ಚುಕಮ್ಮಿ ಇಷ್ಟೇ, ಅಂದ್ರೆ ಗಂಡು ಗರಿ ನಡುಗಿಸಿದಾಗ ಎದುರಿಗಿರೋ ಹೆಣ್ಣಿನ ಕಿರೀಟವೂ ಅದುರಬಹುದು. ಅದೂ ಅಲ್ಲದೆ ನಮ್ಮ ಕಿವಿಗೆ ಕೇಳದ, 20 ಹರ್ಟ್ಸ್‌ಗಿಂತ (ಸೆಕೆಂಡಿಗೆ 20 ಕಂಪನಕ್ಕಿಂತ) ಕೆಳಗಿನ ಸದ್ದೂ ಆ ಗರಿಯಿಂದ ಹೊರಡತ್ತೆ. ನಾವು ಬಾಲ್ಕನೀಲಿ ಕೂತು ನೋಡೋದು ಅರ್ಧ ಆಟ ಅಷ್ಟೇ.

ಮುಲುಂಡ್_ಮಾಣಿ · ಮುಂಬೈ

ಇಷ್ಟು ಭಾರ ಹೊತ್ತು ಅವ ಹಾರುವುದು ಹೇಗೆ? ಚಿರತೆ ಬಂದ್ರೆ ಗರಿಯೇ ಅವನಿಗೆ ಯಮ ಅಲ್ವಾ?

ಪಾಷಾಣ_ಪಕ್ಷಿ · ಪುಣೆ

ಎಲ್ಲರೂ ಹಾಗೇ ಅನ್ಕೊಂಡಿದ್ರು. ಡಾರ್ವಿನ್‌ಗೂ ಇದೇ ತಲೆನೋವು, ನವಿಲುಗರಿ ನೋಡಿದ್ರೆ ಸಂಕಟ ಆಗತ್ತೆ ಅಂತ 1860ರಲ್ಲಿ ಗೆಳೆಯನಿಗೆ ಕಾಗದ ಬರೆದಿದ್ದ. ಆದ್ರೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಗ್ರಹಾಂ ಆಸ್ಕ್ಯೂ 2014ರಲ್ಲಿ ಗರಿ ಇದ್ದಾಗ, ಗರಿ ತೆಗೆದಾಗ ಎರಡೂ ಸಲ ನವಿಲು ನೆಲ ಬಿಟ್ಟು ಏಳೋದನ್ನ ಅಳೆದ್ರು. ವ್ಯತ್ಯಾಸ ಹೇಳಿಕೊಳ್ಳೋವಷ್ಟು ಇರಲಿಲ್ಲ. ಸಂಜೆ ಹೊತ್ತು ನೋಡಿ, ಅಷ್ಟುದ್ದ ಗರಿ ಇಟ್ಕೊಂಡೂ ನೇರ ಮರದ ತುದಿಗೆ ಹಾರಿ ಕೂರತ್ತೆ.

ಬಾವಧನ್_ಬಾಲ್ಕನಿ · ಪುಣೆ

ನಮ್ಮವನ ಗರಿ ಆಗಸ್ಟ್ ಬಂತಂದ್ರ ಉದುರಾಕ ಹತ್ತತಾವ. ಹೋದ ವರ್ಷ ವಾಚ್‌ಮನ್ ಒಂದ್ ಮುಷ್ಟಿ ಹಿಡಕೊಂಡ ಬಂದು ಮಕ್ಕಳಿಗೆ ಹಂಚಿದ, ಆಮ್ಯಾಲೆ ಕಮಿಟಿಯವರೊಬ್ಬರು ಮನ್ಯಾಗ ಇಟ್ಟರ ಜೇಲು ಅಂತ ಹೆದರಿಸಿಬಿಟ್ರು. ಖರೇನಾ?

ಪಾಷಾಣ_ಪಕ್ಷಿ · ಪುಣೆ

ಹೆದರಬೇಡಿ. ನವಿಲು 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲಲ್ಲಿದೆ, ಹಿಡಿಯೋದು, ಸಾಕೋದು, ಕೊಲ್ಲೋದು, ಮೊಟ್ಟೆ ಮುಟ್ಟೋದು ಎಲ್ಲ ದೊಡ್ಡ ಅಪರಾಧ, ಏಳು ವರ್ಷದವರೆಗೆ ಜೈಲಿದೆ. ತಾನಾಗೇ ಉದುರಿದ ಗರಿಗೆ ಮಾತ್ರ ದೇಶದೊಳಗೆ ವಿನಾಯ್ತಿ ಇದೆ, ವಿದೇಶಕ್ಕೆ ಕಳಿಸೋ ಹಾಗಿಲ್ಲ. ಅಮೆರಿಕದ ಮೊಮ್ಮಗನಿಗೆ ಅಂತ ಸೂಟ್‌ಕೇಸಿಗೆ ಹಾಕ್ಬೇಡಿ ಅಷ್ಟೇ. ಜಾತ್ರೇಲಿ ಕಟ್ಟುಕಟ್ಟಾಗಿ ಮಾರೋ ಗರಿ ಕೊಳ್ಳೋದು ನನಗಂತೂ ಇಷ್ಟ ಇಲ್ಲ. ಉದುರಿದ ಗರಿಯ ಬುಡ ಒಣಗಿ ಚೊಕ್ಕಟವಾಗಿರತ್ತೆ, ಕಿತ್ತಿದ್ದರ ಬುಡದಲ್ಲಿ ರಕ್ತದ ಗುರುತು ಉಳಿಯತ್ತೆ, ಅದಕ್ಕೇ ಬುಡ ಕತ್ತರಿಸಿ ಮಾರ್ತಾರೆ. ಬುಡ ಇಲ್ಲದ ಗರಿ ಕಂಡ್ರೆ ಅನುಮಾನ ಪಡಿ.

ಗರಿ ಉದುರಿದ ಮೇಲೂ ನೋಡೋದು ನಿಲ್ಲಿಸಬೇಡಿ. ಬೋಳಾದ ಗಂಡೂ ಅಭ್ಯಾಸಬಲಕ್ಕೆ ಗಿಡ್ಡ ಬಾಲ ಎತ್ತಿ ನಿಲ್ಲತ್ತೆ, ಎಳೆ ಗಂಡುಗಳು ಗರಿಯೇ ಇಲ್ಲದೆ ಪ್ರಾಕ್ಟೀಸ್ ಮಾಡ್ತವೆ, ಒಂದೊಂದು ಸಲ ಕೋಳಿ ಮುಂದೆ, ಬೆಕ್ಕಿನ ಮುಂದೆ. ಪೂರ್ತಿ ಗರಿ ಬರೋಕೆ ನಾಲ್ಕೈದು ವರ್ಷ ಬೇಕು.

ಟೇಕಡಿ_ವಾಕರ್ · ಪುಣೆ

ಪ್ರಾಕ್ಟೀಸ್ ಅಂದಾಗ ನೆನಪಾಯ್ತು, ನಮ್ಮಲ್ಲಿ ಒಂದು ನವಿಲು ಪಾರ್ಕಿಂಗ್‌ನಲ್ಲಿರೋ ಕಪ್ಪು ಕಾರಿನ ಜೊತೆ ದಿನಾ ಜಗಳ. ಬಾಗಿಲಲ್ಲಿ ತನ್ನ ನೆರಳು ಕಂಡ ಕೂಡಲೇ ಹಾರಿ ಕಾಲಿಂದ ಒದೆಯೋದು. ಪೇಂಟ್ ಎಲ್ಲ ಗೀರು. ಓನರ್ ಬಂದು ಕಾಳು ಹಾಕೋ ನಮ್ಮನ್ನ ಬಯ್ತಿದಾರೆ.

ಫೋಂಡಾ_ತೋಟ · ಗೋವಾ

ಬೈಯಲಿ ಬಿಡಿ 😀 ನಮ್ಮ ಮೆಣಸಿನ ಸಸಿ ಶಾಪ.

ಪಾಷಾಣ_ಪಕ್ಷಿ · ಪುಣೆ

ಅದು ಇನ್ನೊಂದು ಗಂಡು ಬಂದಿದೆ ಅನ್ಕೊಂಡಿದೆ. ಕಾಲಲ್ಲಿ ಮುಳ್ಳಿನಂಥ ಉಗುರಿದೆ, ಗೀರು ಬೀಳದೆ ಇರತ್ತಾ. ಬೆದೆ ಕಾಲ ಮುಗಿಯೋ ತನಕ ಕಾರಿಗೆ ಹೊದಿಕೆ ಹಾಕಲಿ, ಕನ್ನಡಿ ಮಡಚಲಿ, ಮತ್ತೆ ನೀವು ಗೇಟ್ ಹತ್ರ ಕಾಳು ನಿಲ್ಲಿಸಿ. ಕಾರಿನ ತನಕ ಅದನ್ನ ಕರ್ಕೊಂಡು ಬಂದಿದ್ದೇ ಆ ಗೋಧಿ.

ಟೇಕಡಿ_ವಾಕರ್ · ಪುಣೆ

ಸರಿ ಸರ್, ಮೀಟಿಂಗಲ್ಲಿ ಹೇಳ್ತೀನಿ. ನೀರು ಮಾತ್ರ ಇಡ್ತೀವಿ, ಅದಕ್ಕೂ ಬೈಬೇಡಿ.

ಬಾವಧನ್_ಬಾಲ್ಕನಿ · ಪುಣೆ

ನಾ ಇವತ್ತ ಮುಂಜಾನೆ ಗಂಡನ್ನ ಬಿಟ್ಟು ಹೆಣ್ಣನ್ನ ನೋಡಿದೆ. ಎರಡು ಬಂದಿದ್ವು. ಒಂದು ಟಾಕಿ ಕಟ್ಟಿ ಮ್ಯಾಲ ಏರಿ ಬೆನ್ನಿನ ಪುಕ್ಕ ತೀಡಕೋತ ಕೂತಿತ್ತು, ಇನ್ನೊಂದು ಗಂಡಿನ ಸುತ್ತ ಕುಕ್ಕಕೋತ ಬಂದು ಅವ ತಿರುಗಿದ ಕೂಡ್ಲೇ ಕುಕ್ಕೋದು ನಿಲ್ಲಿಸಿತು. ಕುತಗಿ ಉದ್ದ ಮಾಡಿ ನಿಂತಿತು, ಬಾಯಾಗ ಹುಲ್ಲಿನ ಎಸಳು ಹಂಗ ಇತ್ತು. ಆಮ್ಯಾಲೆ ಎಡಕ್ಕ ನಾಲ್ಕು ಹೆಜ್ಜಿ, ಬಲಕ್ಕ ನಾಲ್ಕು ಹೆಜ್ಜಿ. ಅಷ್ಟರೊಳಗ ಕೆಳಗ ಕಚರಾ ಗಾಡಿ ಬಂತು, ಎರಡೂ ಗಿಡದಾಗ ಹೊಕ್ಕವು. ಗಂಡು ಮಾತ್ರ ಯಾರೂ ಇಲ್ಲದ ಜಾಗಾಕ್ಕ ಗರಿ ನಡುಗಿಸಿಕೋತ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ.

ಪಕ್ಷಿ ಸರ್, ಬಾಲ್ಕನಿಯಿಂದ ಇಷ್ಟ ಸಣ್ಣ ಸಣ್ಣದು ನೋಡಾಕ ಬರಿಗಣ್ಣು ಸಾಲಂಗಿಲ್ಲ. ದುರ್ಬೀನು ಯಾವುದು ತಗೋಬೇಕು, ಮೊಬೈಲ್ ಝೂಮ್‌ದಾಗ ಏನೂ ತಿಳೀವಲ್ದು.

ಪಾಷಾಣ_ಪಕ್ಷಿ · ಪುಣೆ

8 ಇಂಟು 42 ತಗೊಳ್ಳಿ, ಅಂದ್ರೆ 8 ಪಟ್ಟು ಹತ್ತಿರ ತೋರಿಸೋದು, ಮುಂದಿನ ಗಾಜು 42 ಮಿಲಿಮೀಟರ್ ಅಗಲ. 10 ಇಂಟು 50 ಅಂತ ಅಂಗಡಿಯವರು ದೊಡ್ಡದು ಕಟ್ಟೋಕೆ ನೋಡ್ತಾರೆ, ಭಾರ ಜಾಸ್ತಿ, ಕೈ ನಡುಗತ್ತೆ. ಬಾಲ್ಕನಿ ಕಟ್ಟೆ ಮೇಲೆ ಮೊಣಕೈ ಊರಿ ನೋಡಿ. ಟಾಕಿ ಕಟ್ಟೆ ಮೇಲೆ ಕೂತಿತ್ತಲ್ಲ ಆ ಇನ್ನೊಂದು ಹೆಣ್ಣು, ಅದು ನಾಳೆ ಯಾವ ಕಡೆಯಿಂದ ಬರತ್ತೆ ಬರೆದಿಡಿ.

ಮುಲುಂಡ್_ಮಾಣಿ · ಮುಂಬೈ

ನನಗೂ ಒಂದು ಹೇಳಿ ಇಡಿ, ಆಗಸ್ಟ್ ಒಳಗೆ ಪುಣೆಗೆ ಬರ್ತೇನೆ. ದೊಡ್ಡಮ್ಮನೂ ಬರ್ತಾರಂತೆ, ಕೇಳಿ ಆಯ್ತು.